ಊದುಗಲ್ಲನ ಗಾಳಿ ತೆಗೆದ ಸಾಕವ್ವ

ಬಹಳ ಬಹಳ ಹಿಂದೆ, ಆನೆಗಿಂತ ಸೈಕಲ್ಲಿಗೇ ಮರ್ಯಾದೆ ಹೆಚ್ಚಿದ್ದ ಗಾಲಿಗಡ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನೇ ಸೈಕಲ್ ತುಳಿಯುತ್ತಿದ್ದ. ರಾಣಿ ಹಿಂದೆ ಕ್ಯಾರಿಯರಿನಲ್ಲಿ ಕೂತು ಬೀದಿಯವರ ಸೀರೆ ನೋಡುತ್ತಿದ್ದಳು. ಆ ರಾಜ್ಯದಲ್ಲೊಂದು ಪದ್ಧತಿ. ದೂರ ಹೋಗಿಬಂದವರು ತಮ್ಮ ಸಾಹಸದ ಪುಸ್ತಕ ಬರೆಯಬೇಕು, ಯಾವ ಸಾಮಾನು ದಾರಿಯಲ್ಲಿ ಕೈಹಿಡಿಯಿತು ಅಂತ ಹೇಳಬೇಕು, ಕೊನೆಯ ಹಾಳೆಗೆ ಗಾಲಿಯ ಮಣ್ಣು ಮೆತ್ತಬೇಕು. ಆ ಮಣ್ಣೇ ಸಾಕ್ಷಿ.

ಯುವರಾಜ ವಿಲಾಸವರ್ಮ ಅಂಥ ಪುಸ್ತಕ ಒಂದಲ್ಲ, ಒಂಬತ್ತು ಬರೆದಿದ್ದ. ಏಳು ಬೆಟ್ಟ ದಾಟಿದನಂತೆ, ಊದುಗಲ್ಲ ಮಾಂತ್ರಿಕನ ಮೀಸೆ ಹಿಡಿದು ಎಳೆದನಂತೆ! ಕೋಟೆ ಬಾಗಿಲು ದಾಟಿದ ಮೇಲೆ ಮಹಾಶಯ ಹೋಗುತ್ತಿದ್ದದ್ದು ಎಲ್ಲಿಗೆ? ಹೇಳಬಾರದು, ಆದರೂ ಹೇಳುತ್ತೇನೆ. ನರ್ತಕಿ ಮದನಮಂಜರಿಯ ಹಿತ್ತಿಲಿಗೆ! ಹೀರೇಕಾಯಿ ಚಪ್ಪರದಡಿ ಕೂತು, ಬಿಸಿಬಿಸಿ ಬಜ್ಜಿ ತಿನ್ನುತ್ತಾ ಸಾಹಸ ಬರೆಯುತ್ತಿದ್ದ. ಇತ್ತ ಅವನ ಹೆಂಡತಿ ಚಂದ್ರಲೇಖೆ, ಪಾಪ, ಗಂಡನನ್ನು ಹುಲಿ ತಿಂದೀತೆಂದು ಉಪವಾಸ.

ಪಂಕ್ಚರ್ ಹಾಕುವ ಸಾಕವ್ವನ ತಮ್ಮ ಜವರ ಆ ಪುಸ್ತಕಗಳನ್ನು ನಂಬಿದ. ಅವುಗಳಲ್ಲಿದ್ದ ಹಾಗೇ ರೇಷ್ಮೆ ದಿಂಬು, ಬೆಳ್ಳಿ ಗಂಟೆ, ನವಿಲುಗರಿ ಕೊಡೆ ಕಟ್ಟಿಕೊಂಡು ಏಳು ಬೆಟ್ಟದ ದಾರಿ ಹಿಡಿದು ಹೊರಟ.

“ಪಂಪು ತಗೊಳ್ಳೋ ಮಂಕೇ,” ಅಂದಳು ಸಾಕವ್ವ.

“ಯುವರಾಜರು ಪಂಪಿನ ಸುದ್ದಿಯನ್ನೇ ಎತ್ತಿಲ್ಲ ಕಣಕ್ಕಾ,” ಅಂದ ಜವರ.

ಹನ್ನೆರಡನೇ ದಿನ ಅವನ ಸೈಕಲ್ಲೊಂದೇ ವಾಪಸು ಬಂತು. ಗಂಟೆ ಬಾರಿಸಿ ಹೇಳಿತು: “ಸಾಕವ್ವಾ, ಊದುಗಲ್ಲ ನಿನ್ನ ತಮ್ಮನನ್ನು ಕಲ್ಲು ಮಾಡಿದ. ಹುಣ್ಣಿಮೆಯೊಳಗೆ ಬಿಡಿಸದಿದ್ದರೆ ಅವನು ಎಂದೆಂದಿಗೂ ಕಲ್ಲೇ.”

ಹುಣ್ಣಿಮೆಗೆ ಉಳಿದದ್ದು ಮೂರೇ ದಿನ. ಸಾಕವ್ವ ಕಣ್ಣೊರೆಸಿಕೊಂಡು ಪಂಪು, ಪ್ಯಾಚು, ಸೊಲ್ಯೂಷನ್, ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಕಟ್ಟಿಕೊಂಡಳು. ಚಕ್ರಕ್ಕೆ ಡೈನಮೋ ದೀಪ ಹಾಕಿ ಅದೇ ಸೈಕಲ್ ಹತ್ತಿದಳು.

ಮೊದಲ ದಿನ ಜಾಲಿಕಾಡು ಅಡ್ಡ ಬಂತು. “ಚುಚ್ಚಲಾ? ಚುಚ್ಚಲಾ?” ಅಂದವು ಮುಳ್ಳುಗಳು.

“ಚುಚ್ಚಿ ನೋಡು,” ಅಂದಳು ಸಾಕವ್ವ. ಅವು ಚುಚ್ಚಿದ್ದು ಅರವತ್ತು ಸಲ, ಅವಳು ಪ್ಯಾಚು ಹಾಕಿದ್ದೂ ಅರವತ್ತು ಸಲ. ಮುಳ್ಳುಗಳ ಮೊನೆ ಮೊಂಡಾಯಿತು. ನಾಚಿಕೊಂಡು ದಾರಿ ಬಿಟ್ಟವು.

ಎರಡನೇ ದಿನ ಗವಿ ಅಡ್ಡ ಬಂತು. ಒಳಗೆ ಬೆಳಕಿಗೆ ಹೆದರುವ ಕರಿಕರಡಿ. “ನಿನ್ನ ದೀಪ ಆರಲಿ, ಆಮೇಲೆ ತಿಂತೀನಿ,” ಅಂತ ಬೆನ್ನು ಹತ್ತಿತು.

“ನನ್ನ ಕಾಲು ನಿಂತರೆ ತಾನೇ ದೀಪ ಆರೋದು!” ಅಂದಳು ಸಾಕವ್ವ. ತುಳಿದಳು, ತುಳಿದಳು, ಒಂದೇ ಸಮನೆ ತುಳಿದಳು. ಕಾಯ್ದೂ ಕಾಯ್ದೂ ಕರಡಿಗೆ ಆಕಳಿಕೆ ಬಂತು, ನಿದ್ದೆ ಬಂತು. ಅವಳು ಗವಿ ದಾಟಿದ್ದಳು.

ಮೂರನೇ ದಿನ ಊದುಗಲ್ಲನೇ ಅಡ್ಡ ಬಂದ. ಕೆರೆ ದಡದಲ್ಲಿ ಗುಡ್ಡದಂತೆ ಊದಿಕೊಂಡು ಕೂತಿದ್ದ. ಸುತ್ತಲೂ ಕಲ್ಲಾದ ಪ್ರಯಾಣಿಕರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನವಿಲುಗರಿ ಕೊಡೆ! ಕೊನೆಯವನು ಜವರ.

“ನಿಮ್ಮ ಯುವರಾಜನ ಒಂದೊಂದು ಸುಳ್ಳಿಗೂ ನಾನು ಒಂದೊಂದು ಗೇಣು ಊದುತ್ತೇನೆ,” ಅಂತ ನಕ್ಕ ಮಾಂತ್ರಿಕ. “ಕತ್ತಿ ನಾಟುವುದಿಲ್ಲ, ಬಾಣ ನಾಟುವುದಿಲ್ಲ. ನೀನೇನು ಮಾಡುತ್ತೀಯೇ?”

ಸಾಕವ್ವ ಅವನ ಹೊಟ್ಟೆ ಒತ್ತಿ ನೋಡಿದಳು. ಬರೀ ಗಾಳಿ! ಗಾಳಿ ತುಂಬಿದ್ದನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

“ಏನಿಲ್ಲ ಮಾವ. ಇಷ್ಟು ದಪ್ಪಗಿದ್ದು ನೀರಲ್ಲಿ ಮುಳುಗೋಕೆ ಬರುತ್ತಾ ಅಂತ ಯೋಚಿಸ್ತಿದ್ದೆ. ನಮ್ಮೂರ ಎಮ್ಮೆ ಸೊಗಸಾಗಿ ಮುಳುಗುತ್ತೆ.”

“ಎಮ್ಮೆಗೂ ನನಗೂ ಹೋಲಿಕೆಯಾ?” ಅಂತ ಊದುಗಲ್ಲ ಧಡಾರನೆ ಕೆರೆಗೆ ಹಾರಿ, ಬಂಡೆ ತಬ್ಬಿಕೊಂಡು ಮುಳುಗಿದ. ಸಾಕವ್ವ ಕಣ್ಣು ಮಿಟುಕಿಸದೆ ನೀರು ನೋಡಿದಳು. ಎಡಗಿವಿಯ ಹಿಂದಿನಿಂದ ಗುಳುಗುಳು ಗುಳ್ಳೆ ಎದ್ದವು. ಅಲ್ಲೊಂದು ಹಳೇ ತೇಪೆ!

ಅವನು ತಲೆ ಎತ್ತಿದ್ದೇ ತಡ, ಅವಳು ಕಬ್ಬಿಣದ ಪಟ್ಟಿ ತೂರಿಸಿ ತೇಪೆಯನ್ನು ಪಟ್ಟನೆ ಕಿತ್ತಳು. ಬುಸ್ಸ್! ಊದುಗಲ್ಲ ಆಕಾಶದಲ್ಲಿ ಸುತ್ತಿ ಸುತ್ತಿ, ಒಣಗಿದ ಬದನೇಕಾಯಷ್ಟಾಗಿ ಬಿದ್ದ. ಕಲ್ಲಾದವರೆಲ್ಲ ಸೀನಿ ಎದ್ದರು.

“ಅಕ್ಕಾ,” ಅಂದ ಜವರ, “ಪಂಪು ತಂದಿದ್ದೀಯಾ?”

ಊರಿಗೆ ಮರಳಿ ಪುಸ್ತಕ ಬರೆದು, ಆಸ್ಥಾನದಲ್ಲಿ ಎಲ್ಲರೆದುರು ಸಾಕವ್ವ ಅದಕ್ಕೆ ಮಣ್ಣು ಮೆತ್ತಿದಳು. ಆಗ ನೋಡಿ ಮಜಾ! ಅಲ್ಲೇ ಇದ್ದ ಯುವರಾಜನ ಒಂಬತ್ತು ಪುಸ್ತಕಗಳ ಮಣ್ಣಿನಲ್ಲೂ ಹೀರೇಬೀಜ ಮೊಳೆಯಿತು. ಬಳ್ಳಿ ಹಬ್ಬಿತು, ಆಸ್ಥಾನ ದಾಟಿತು, ಬೀದಿ ದಾಟಿತು. ಊರಿಗೆ ಊರೇ ಅದರ ಹಿಂದೆ ಓಡಿತು, ಎಲ್ಲರಿಗಿಂತ ಮುಂದೆ ಚಂದ್ರಲೇಖೆ. ಬಳ್ಳಿ ಹೋಗಿ ನಿಂತದ್ದು ಮದನಮಂಜರಿಯ ಹಿತ್ತಿಲಲ್ಲಿ. ಹತ್ತನೇ ಸಾಹಸಕ್ಕೆ ಹೊರಟಿದ್ದ ಯುವರಾಜ, ಬಾಯಲ್ಲಿ ಬಜ್ಜಿ ಇಟ್ಟುಕೊಂಡು ಕೂತಿದ್ದ.

“ಏಳು ಬೆಟ್ಟ ಇವೇನಾ ಸ್ವಾಮಿ?” ಅಂದಳು ಚಂದ್ರಲೇಖೆ. “ಒಂಬತ್ತು ಸಲ ನಾನು ಉಪವಾಸ ಕೂತದ್ದು ಈ ಬಜ್ಜಿಗಾ?”

ಮಾರನೇ ದಿನವೇ ಅವಳು ಸಾಕವ್ವನ ಪುಸ್ತಕ, ಪಂಪು, ಪ್ಯಾಚು ಕಟ್ಟಿಕೊಂಡು ಏಳು ಬೆಟ್ಟಕ್ಕೆ ತಾನೇ ಹೊರಟಳು. ಅವಳ ಚಕ್ರಕ್ಕೆ ಗಾಳಿ ಹೊಡೆದು ಕಳಿಸಿದ್ದು ಸಾಕವ್ವನ ಅಂಗಡಿಯ ಹೊಸ ಆಳು, ಅದೇ ಯುವರಾಜ ವಿಲಾಸವರ್ಮ. ಗಾಲಿಗಡದ ಜನ ತುಳಿದಷ್ಟು ದೂರ ಹೋದರು, ಹೋದಷ್ಟನ್ನೇ ಬರೆದರು, ನಕ್ಕು ನಲಿದು ಬಾಳಿದರು.