ತೂತಿಲ್ಲದ ಅಂಗಿ

"ಇದನ್ನ ಹೊಲಿದವರು ಯಾರು?"

ಪರದೆಯಾಚೆಯಿಂದ ಬಂದ ಆ ಗಂಡುದನಿಗೆ ಅವಳ ಸೂಜಿ ನಿಂತಲ್ಲೇ ನಿಂತಿತು.

ಸಿಕ್ಕಿಬಿದ್ದೆ... ಅಂದುಕೊಂಡಳು.

ಅಕ್ಕ-ಭಾವನ ಲಾಂಡ್ರಿಯ ಹಿಂದಿನ ಕೋಣೆ ಅದು. ಒಂದು ಗೋಡೆಗೆ ಇಸ್ತ್ರಿಯ ಕಾವು, ಇನ್ನೊಂದಕ್ಕೆ ಒದ್ದೆ ಬಟ್ಟೆಯ ಥಂಡಿ, ನಡುವೆ ಅವಳು. ಅಕ್ಕನ ಬಾಣಂತನಕ್ಕೆಂದು ಬಂದವಳು ಹಾಗೇ ಉಳಿದುಹೋಗಿದ್ದಳು. ಆ ಮಗುವಿಗೀಗ ಮೀಸೆ ಚಿಗುರಿತ್ತು. ಹರಿದ ಬಟ್ಟೆಗೆ ರಫೂ ಹಾಕುವುದು ಅವಳ ಪಾಲಿನ ಕೆಲಸ. "ರಫೂ ಅಂದ್ರೆ ಕಾಣಬಾರದು" ಎಂಬುದು ಭಾವನ ವೇದವಾಕ್ಯ. ರಫೂ ಹಾಕಿದವಳೂ ಕಾಣಬಾರದು ಅಂತ ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಆದರೆ ಆ ನೀಲಿ ಅಂಗಿಯ ಜೇಬಿನ ಮೇಲೆ ಮೆಣಸಿನಕಾಳಿನಷ್ಟು ಸುಟ್ಟ ತೂತು ಕಂಡಾಗ ಕೈ ಮಾತು ಕೇಳಲಿಲ್ಲ. ಅದರ ಮೇಲೆ ದಾರದಲ್ಲೇ ಒಂದು ಕಪ್ಪಿರುವೆ ಕೂರಿಸಿದ್ದಳು, ಬಾಯಿಗೆ ಸಕ್ಕರೆ ಹರಳು ಕಚ್ಚಿಸಿ.

"ತಪ್ಪಾಯ್ತು ಸಾರ್. ಬಿಚ್ಚಿಸಿ ಕೊಡ್ತೀನಿ," ಎಂದ ಭಾವ.

"ಬಿಚ್ಚೋದಾ? ನಿಜವಾದ ಇರುವೆ ಅಂತ ಬೆಳಗಿಂದ ಕೊಡವಿ ಕೊಡವಿ ಸಾಕಾಗಿದೆ ನನಗೆ. ಇದು ಇಲ್ಲೇ ಇರಲಿ."

ಪರದೆಯ ಸಂದಿಯಿಂದ ಇಣುಕಿದಳು. ಬೀದಿ ಕೊನೆಯ ರೇಡಿಯೊ ರಿಪೇರಿಯವನು. ಅವನೂ ಆ ಸಂದಿಯನ್ನೇ ನೋಡುತ್ತಿದ್ದ.

ಬೆಸುಗೆಯ ಕಿಡಿ ಹಾರಿ ಸುಟ್ಟ ಅವನ ಅಂಗಿಗಳು ಒಂದರ ಹಿಂದೊಂದು ಬರತೊಡಗಿದವು. ಬರುವ ಗಿರಾಕಿಯನ್ನು ಯಾರು ಬೇಡವೆನ್ನುತ್ತಾರೆ? ಭಾವ ಸುಮ್ಮನಾದ. ಅವಳು ಒಂದಕ್ಕೆ ಬಸವನಹುಳು ಹೊಲಿದಳು, ಇನ್ನೊಂದಕ್ಕೆ ಕತ್ತು ತಿರುಗಿಸಿದ ಗುಬ್ಬಿ.

"ಬಸವನಹುಳು ಇನ್ನೂ ಕಾಲರ್ ತಲುಪಿಲ್ಲ ಅಂತ ಒಳಗೆ ಹೇಳಿ," ಅನ್ನುತ್ತಿದ್ದ ಅವನು, ಪರದೆಗೆ ಕೇಳುವಷ್ಟು ಜೋರಾಗಿ.

ಅವಳು ದಾರ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

"ಏನೇ, ಆ ಅಂಗಿ ಬಂದ ದಿನ ನಿನ್ನ ಮುಖಕ್ಕೂ ಇಸ್ತ್ರಿ ಹಾಕಿದ ಹಾಗಿರುತ್ತೆ?" ಅಕ್ಕ ಕೆಣಕಿದಳು.

ನಿಜವೇ. ಉಳಿದ ದಿನವೆಲ್ಲ ಕಾಣದ ಹೊಲಿಗೆ, ಉಸಿರುಗಟ್ಟಿದ ಕೋಣೆ. ಅವನ ಅಂಗಿ ಬಂದಾಗ ಮಾತ್ರ ಗೋಡೆಗಳು ಒಂದಿಷ್ಟು ಹಿಂದೆ ಸರಿಯುತ್ತಿದ್ದವು...

ಒಂದು ಮಧ್ಯಾಹ್ನ ಹೊಸ ತೂತಿನ ಅಂಚನ್ನು ಉಗುರಿನಿಂದ ಸವರಿದವಳು ಬೆಚ್ಚಿದಳು. ಕಿಡಿ ಬಿದ್ದ ತೂತು ಸೊಟ್ಟಗಿರುತ್ತದೆ. ಅಂಚಿಗೆ ಸೀಸದ ಹರಳು ಅಂಟಿರುತ್ತದೆ. ಇದು ಬಟ್ಟಲಿನಂತೆ ದುಂಡಗಿತ್ತು. ಬೆಸುಗೆ ಕಡ್ಡಿಯನ್ನು ಇಟ್ಟು, ಹಿಡಿದು, ಸುಟ್ಟದ್ದು.

ಬೇಕಂತಲೇ! ಪಾಪ, ಆಡಿಕೊಂಡಿರಲಿ ಅಂತ ಮಗುವಿನ ಮುಂದೆ ಆಟಿಕೆ ಎಸೆದ ಹಾಗೆ...

ಅದೇ ಬಣ್ಣದ ದಾರ ಹುಡುಕಿ, ಕಾಣದ ಹಾಗೆ ರಫೂ ಹಾಕಿಬಿಟ್ಟಳು.

"ಇದರಲ್ಲಿ ಏನೂ ಇಲ್ಲವಲ್ಲ?" ಅವನು ಅಂಗಿ ತಿರುವಿ ಹುಡುಕಿದ.

ಅವಳು ಪರದೆ ಸರಿಸಿ ಮುಖ ತೋರಿಸಿದಳು. "ರಫೂ ಅಂದ್ರೆ ಕಾಣಬಾರದು. ಕನಿಕರ ಪಡೋಕೆ ಒಳ್ಳೆ ಬಟ್ಟೆ ಯಾಕೆ ಸುಡ್ತೀರಿ?"

ಅವನ ಮುಖ ಸಪ್ಪಗಾಯಿತು. ತಲೆ ತಗ್ಗಿಸಿ ಹೋದ.

ಆಮೇಲೆ ಅಂಗಿ ಬರಲಿಲ್ಲ. ಗೋಡೆಗಳು ಮತ್ತೆ ಹತ್ತಿರ ಬಂದವು. ಇದ್ದ ಒಂದು ಗಾಳಿಕಂಡಿಯನ್ನೂ ನಾನೇ ಮುಚ್ಚಿಕೊಂಡೆನಾ...?

ತಿಂಗಳು ಕಳೆದು ಅವನು ಬಂದ. ಕೈಯಲ್ಲಿ ಮಡಿಕೆ ಬಿಚ್ಚದ ಬಿಳಿ ಅಂಗಿ.

"ಕಲಾವಿದರು ಇದಾರಾ?"

ಭಾವ ನಕ್ಕ. "ಇದು ಲಾಂಡ್ರಿ ಸಾರ್. ಅಂಥವರು ಯಾರೂ ಇಲ್ಲ ಇಲ್ಲಿ. ನಮ್ಮ ನಾದಿನಿ ಇದಾಳೆ, ರಫೂ ಹಾಕ್ತಾಳೆ."

ಒಳಗೆ ಅವಳು ಸೂಜಿ ಕೆಳಗಿಟ್ಟಳು. ಅಷ್ಟು ದೊಡ್ಡ ಪದ ಈ ಕೋಣೆಯಲ್ಲಿ ಹಿಡಿಸುವುದಿಲ್ಲ. ಆದರೆ ಈಗ ಸುಮ್ಮನಿದ್ದರೆ ಭಾವ ಹೇಳಿದ್ದೇ ಖಾಯಂ.

"ನಾನೇ," ಎಂದಳು. ಯಾರಿಗೂ ಕೇಳಿಸಲಿಲ್ಲ. ಎದ್ದು, ಪರದೆ ದಾಟಿ, ಅಂಗಡಿಯ ನಡುವೆ ಬಂದು ನಿಂತಳು.

"ಕಲಾವಿದೆ ನಾನೇ. ಹೇಳಿ."

ಭಾವನ ಬಾಯಿ ತೆರೆದೇ ಇತ್ತು. "ರೀ, ಮೊದಲು ಇಸ್ತ್ರಿ ಎತ್ತಿ, ಯಾರದೋ ಪ್ಯಾಂಟು ಸೀಯ್ತಿದೆ," ಎಂದಳು ಅಕ್ಕ.

ಅವಳು ಅವನ ಕೈಯಿಂದ ಅಂಗಿ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ತೂತೇ ಇಲ್ಲ. ಎಲ್ಲಿ ಹೊಲೀಲಿ?"

ಕೇಳಿದ ಮೇಲೆ ತನಗೇ ದಿಗಿಲಾಯಿತು. ಇಷ್ಟು ದಿನ ತೂತು ಅಪ್ಪಣೆ ಕೊಟ್ಟರೆ ಮಾತ್ರ ಅವಳು ಚಿತ್ರ ಬರೆದಿದ್ದಳು.

"ಅದನ್ನ ನಾನು ಹೇಳಬಾರದು," ಎಂದ. "ನಿಮ್ಮ ಮುಂದಿನ ಚಿತ್ರ ನೋಡೋ ಆಸೆ. ಕೇಳೋಕೆ ಧೈರ್ಯ ಇರಲಿಲ್ಲ, ಅದಕ್ಕೇ ಸುಟ್ಟೆ. ಕನಿಕರ ಅಲ್ಲ... ನನಗೆ ನೀವಂದ್ರೆ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು. "ಒಂದು ಹಿಂದಿನ ಕೋಣೆಯಿಂದ ಇನ್ನೊಂದು ಹಿಂದಿನ ಕೋಣೆಗೆ ಬರೋಕೆ ನನ್ನಿಂದ ಆಗಲ್ಲ."

"ನನ್ನ ಅಂಗಡಿಗೆ ಹಿಂದಿನ ಕೋಣೆನೇ ಇಲ್ಲ. ಒಂದು ಕಿಟಕಿ, ಅದರ ಮುಂದೆ ಒಂದು ಮೇಜು. ಅರ್ಧ ನಿಮಗೆ."

"ಬೆಳಕಿರೋ ಅರ್ಧ?"

"ಬೆಳಕಿರೋ ಅರ್ಧ."

"ಬಂದವರು ನನ್ನನ್ನ ನೋಡಿ, ಇವರು ಯಾರು ಅಂತ ಕೇಳಿದ್ರೆ?"

ಅವನು ಬಾಯಿ ತೆರೆದ.

"ನೀವು ಸುಮ್ಮನಿರಿ," ಎಂದಳು ಮೆತ್ತಗೆ. "ನಾನೇ ಹೇಳ್ತೀನಿ."

"ಹೂಂ," ಎಂದ ಅವನು.