ಮೂಕ ವಿಡಿಯೊದೊಳಗಿನ ಕೂಗು

ಮುದ್ರಣಾಲಯದ ಬೀಗ ತೆಗೆದ ಮ್ಯಾನೇಜರ್ ಕಿರುಚಿಕೊಂಡ. ದೊಡ್ಡ ಯಂತ್ರದ ಹಿಂದೆ ಯಜಮಾನರು ಬೋರಲು ಬಿದ್ದಿದ್ದರು. ತಲೆ ಒಡೆದಿತ್ತು. ಪಕ್ಕದಲ್ಲಿ ಕಬ್ಬಿಣದ ಸಲಾಕೆ. ಮೈ ತಣ್ಣಗಾಗಿ ಹೋಗಿತ್ತು.

ಪೊಲೀಸರು ಬಂದಾಗ ಅವನು ಫೋನ್ ಮುಂದೆ ಹಿಡಿದ.

"ಹೆಣ ನೋಡಿದ ತಕ್ಷಣ ಕ್ಯಾಮೆರಾ ರೆಕಾರ್ಡಿಂಗ್ ಹಾಕಿ ನೋಡಿದೆ ಸಾರ್. ಎಲ್ಲಿ ಅಳಿಸಿಹೋಗುತ್ತೋ ಅಂತ ಪರದೆಯನ್ನೇ ಫೋನಲ್ಲಿ ಹಿಡ್ಕೊಂಡೆ. ಹಾಗೇ ಆಯ್ತು, ಆಮೇಲೆ ರೆಕಾರ್ಡರ್ ಸುಟ್ಟೇ ಹೋಯ್ತು."

ಹಿಂದಿನ ಸಂಜೆಯ ದೃಶ್ಯ. ಯಜಮಾನರೂ ಅವರ ಅಳಿಯನೂ ಕೈ ಬೀಸಿ ಜಗಳವಾಡುತ್ತಾರೆ. ಇಬ್ಬರೂ ಯಂತ್ರದ ಹಿಂದೆ ಹೋಗುತ್ತಾರೆ. ಹೊರಗೆ ಬರುವುದು ಅಳಿಯ ಒಬ್ಬನೇ.

ಮಧ್ಯಾಹ್ನದೊಳಗೆ ಅಳಿಯ ಲಾಕಪ್ಪಿನಲ್ಲಿದ್ದ.

*

"ಅಪ್ಪ ಹೋದ್ರು. ಈಗ ಇವರೂ ಹೋದ್ರೆ ನಾನೇನು ಮಾಡ್ಲಿ ಮೇಡಂ?" ವಕೀಲೆಯ ಎದುರು ಕೂತ ಯಜಮಾನರ ಮಗಳ ಕಣ್ಣು ಊದಿಕೊಂಡಿತ್ತು. "ಅಮ್ಮ ನನ್ನ ಮುಖಾನೂ ನೋಡ್ತಿಲ್ಲ. ಕೊಂದವನಿಗೆ ವಕೀಲರನ್ನ ಇಡ್ತೀಯಾ ಅಂತಾರೆ."

"ಜಗಳ ಯಾತಕ್ಕೆ?"

"ಅಪ್ಪ ವಿಶ್ರಾಂತಿ ತಗೊಳ್ಳಲ್ಲ ಅಂತ. ಸಾಕು, ಮನೇಲಿರಿ ಅಂತ ಗೋಗರೆಯೋರು ಕೊಲ್ತಾರಾ?"

ವಕೀಲೆ ಜೈಲಿಗೆ ಹೋದಳು. ವಿಡಿಯೊದಲ್ಲಿರುವುದು ಬೇರೆಯವನಿರಬಹುದೇ?

"ನಾನೇ ಮೇಡಂ. ಅಂಗಿನೂ ನಂದೇ," ಎಂದ ಅಳಿಯ. "ಮಾವ ಕೆಟ್ಟಿದ್ದ ರೋಲರ್ ತೋರಿಸೋಕೆ ಹಿಂದೆ ಕರ್ಕೊಂಡು ಹೋದ್ರು. ಅಲ್ಲೂ ಮಾತಿಗೆ ಮಾತು ಬೆಳೀತು. ಸಿಟ್ಟಲ್ಲಿ ಹೊರಟುಬಿಟ್ಟೆ."

ಆ ದಾರಿ ಮುಚ್ಚಿತು. ವಿಡಿಯೊ ತಿದ್ದಿರಬಹುದೇ? ಪೊಲೀಸರು ಕೊಟ್ಟ ಪ್ರತಿಯನ್ನು ನೋಡಿದ ಪರಿಣತರು ಇಲ್ಲವೆಂದರು. ಕತ್ತರಿಸಿಲ್ಲ, ಅಂಟಿಸಿಲ್ಲ.

ಕೊನೆಗೆ ಅವಳು ಪಟ್ಟು ಹಿಡಿದಳು. ಪ್ರತಿ ಬೇಡ, ಫೋನಿನಲ್ಲಿರುವ ಮೂಲ ವಿಡಿಯೊವೇ ಬೇಕು.

ಇನ್‌ಸ್ಪೆಕ್ಟರ್ ನಕ್ಕರು. "ಅದ್ರಲ್ಲಿ ಇನ್ನೇನು ಹುಡುಕ್ತೀರಿ? ಆ ಕ್ಯಾಮೆರಾಗೆ ಮೈಕೇ ಇಲ್ಲ. ಅದಕ್ಕೇ ನಮ್ಮ ಪ್ರತಿಯಲ್ಲಿ ಸದ್ದು ಹಾಕಿಲ್ಲ."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಕ್ಯಾಮೆರಾಗೆ ಮೈಕ್ ಇಲ್ಲ, ನಿಜ. ಫೋನಿಗೆ?

*

ನ್ಯಾಯಾಲಯ ಕಿಕ್ಕಿರಿದಿತ್ತು. ಮ್ಯಾನೇಜರ್ ಕಟಕಟೆಯಲ್ಲಿ ಆರಾಮವಾಗಿ ನಿಂತಿದ್ದ.

"ಈ ವಿಡಿಯೊ ಯಾವಾಗ ತೆಗೆದ್ರಿ?"

"ಬೆಳಿಗ್ಗೆ. ಹೆಣ ನೋಡಿದ ಮೇಲೆ."

"ಅಲ್ಲಿ ಬೇರೆ ಯಾರಿದ್ರು?"

"ನರಪಿಳ್ಳೆ ಇರ್ಲಿಲ್ಲ."

"ಮಹಾಸ್ವಾಮಿ, ಮೂಲ ವಿಡಿಯೊವನ್ನು ಸದ್ದಿನ ಸಮೇತ ತೋರಿಸಲು ಅನುಮತಿ ಬೇಕು."

ನ್ಯಾಯಾಧೀಶರು ಒಪ್ಪಿದರು. ಪರದೆ ಬೆಳಗಿತು. ಫ್ಯಾನಿನ ಗರಗರ. ಅಳಿಯ ಹೊರಗೆ ಹೋದ. ಬಾಗಿಲು ಮುಚ್ಚಿತು. ಅಷ್ಟರಲ್ಲಿ ದೂರದಿಂದ ಒಂದು ಒಡಕು ದನಿ ಗುಡುಗಿತು.

"ಪರೀಕ್ಷೆಯ ಪ್ರಶ್ನೆಪತ್ರಿಕೆ ನಿನ್ನ ಚೀಲದೊಳಗೆ ಹೇಗೆ ಬಂತಯ್ಯಾ? ಬಾ ಇಲ್ಲಿ!"

ವಿಡಿಯೊ ನಿಂತಿತು.

"ಅಪ್ಪ!" ಮಗಳು ಎದ್ದು ನಿಂತಿದ್ದಳು. ಇನ್ನೊಂದು ಬದಿಯ ಬೆಂಚಿನಲ್ಲಿ ಅವಳ ತಾಯಿ ಸೆರಗು ಬಾಯಿಗೊತ್ತಿ ಬಿಕ್ಕಿದರು.

ವಕೀಲೆ ಮೆಲ್ಲಗೆ ಕೇಳಿದಳು. "ಸತ್ತು ತಣ್ಣಗಾಗಿದ್ದ ಯಜಮಾನರು ಬೆಳಿಗ್ಗೆ ನಿಮ್ಮನ್ನ ಹೇಗೆ ಕರೆದ್ರು?"

ಮ್ಯಾನೇಜರನ ಮುಖ ಕಪ್ಪಿಟ್ಟಿತು. "ಅದು... ಬೇರೆ ಯಾರೋ..."

"ದನಿ ಅವರದ್ದೇ ಅಂತ ಪ್ರಯೋಗಾಲಯ ಹೇಳಿದೆ. ನಾನು ಹೇಳ್ತೀನಿ ಕೇಳಿ. ಅಳಿಯ ಹೋದ ಮೇಲೆ, ಅದೇ ಸಂಜೆ, ನಿಮ್ಮ ಕೋಣೇಲಿ ಕೂತು ಆ ಜಗಳವನ್ನ ಪರದೆಯ ಮೇಲೆ ಮತ್ತೆ ಹಾಕ್ಕೊಂಡು ಫೋನಲ್ಲಿ ಹಿಡಿದ್ರಿ. ಕೆಲಸಗಾರರಿಗೆ ಕಳಿಸಿ ನಗೋದು ನಿಮ್ಮ ಚಾಳಿ. ಅವರೇ ಸಾಕ್ಷಿ ಹೇಳಿದ್ದಾರೆ. ಯಂತ್ರದ ಹಿಂದೆ ನಿಮ್ಮ ಚೀಲ ಇತ್ತು. ಅಚ್ಚಾಗ್ತಿದ್ದ ಪ್ರಶ್ನೆಪತ್ರಿಕೆಗಳನ್ನ ನೀವು ಕದೀತಿದ್ದದ್ದು ಯಜಮಾನರ ಕಣ್ಣಿಗೆ ಬಿತ್ತು. ಕರೆದ್ರು. ಹೋದ್ರಿ. ಸಲಾಕೆ ಎತ್ತಿದ್ರಿ. ಮುಂದಿನದ್ದನ್ನೂ ಕ್ಯಾಮೆರಾ ನೋಡಿತ್ತು. ಅದಕ್ಕೇ ರೆಕಾರ್ಡರ್ ಸುಟ್ರಿ. ಫೋನಲ್ಲಿ ವಿಡಿಯೊದ ಸಮಯಾನೂ ಬೆಳಿಗ್ಗೆ ಅಂತ ಬದಲಾಯಿಸಿದ್ರಿ. ನಗೋಕೆ ತೆಗೆದ ವಿಡಿಯೊ ಸಾಕ್ಷಿಯಾಯ್ತು. ಮೂಕ ಕ್ಯಾಮೆರಾದ ವಿಡಿಯೊದಲ್ಲಿ ದನಿ ಇರುತ್ತೆ ಅಂತ ನಿಮಗೂ ಹೊಳೀಲಿಲ್ಲ."

ಮ್ಯಾನೇಜರ್ ಬಾಗಿಲ ಕಡೆ ನೋಡಿದ. ಅಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದರು. ಈ ಸಲ ಅವರು ನಗುತ್ತಿರಲಿಲ್ಲ.

*

ಅವನ ಮನೆಯ ಅಟ್ಟದಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟುಗಳು ಸಿಕ್ಕವು. ಅವನು ಬಾಯಿ ಬಿಟ್ಟ.

ಬಿಡುಗಡೆಯಾಗಿ ಹೊರಗೆ ಬಂದ ಅಳಿಯ ಮೆಟ್ಟಿಲ ಮೇಲೆ ತಡೆದು ನಿಂತ. ಕೆಳಗೆ ಹೆಂಡತಿಯ ಜೊತೆ ಅತ್ತೆ ನಿಂತಿದ್ದರು. ಅವನಿಗೆ ತಲೆ ಎತ್ತಲಾಗಲಿಲ್ಲ. ಅತ್ತೆಯೇ ಮೇಲೆ ಹತ್ತಿ ಬಂದು ಅವನ ಎರಡೂ ಕೈ ಹಿಡಿದರು.

"ತಪ್ಪು ತಿಳ್ಕೊಂಡೆ ಕಣಪ್ಪಾ. ನಡಿ, ಮನೆಗೆ ಹೋಗೋಣ. ನಿಮ್ಮ ಮಾವನ ಯಂತ್ರ ನಾಳೆಯಿಂದ ಓಡಬೇಕು. ಓಡಿಸೋನು ನೀನೇ."

ಅವನು ಅಳುತ್ತಲೇ ನಕ್ಕ.