ಕಾಲರ್ ತೋರಿಸುವ ಕನ್ನಡಿ

"ಕೆಳಗೆ ಹಿಡಿ ಪೀಪಿ. ಇನ್ನೂ ಸ್ವಲ್ಪ ಕೆಳಗೆ," ಎಂದ ಅಪ್ಪ.

ಪೀಪಿ ಕುರ್ಚಿಯ ಹಿಂದೆ ಸ್ಟೂಲಿನ ಮೇಲೆ ನಿಂತು ಎರಡೂ ಕೈಯಲ್ಲಿ ಕನ್ನಡಿ ಹಿಡಿದಿದ್ದಳು. ಕುರ್ಚಿಯಲ್ಲಿ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಕೂತಿದ್ದವರು ಅವಳ ಶಾಲೆಯ ಡ್ರಿಲ್ ಮೇಷ್ಟ್ರು. ಕಟಿಂಗ್ ಮುಗಿದಿತ್ತು. ತಲೆಯ ಹಿಂಭಾಗ ಹೇಗೆ ಬಂದಿದೆ ಎಂದು ಗಿರಾಕಿಗೆ ತೋರಿಸುವ ಹೊತ್ತು.

"ಇನ್ನೂ ಕೆಳಗೆ ಹಿಡಿದ್ರೆ ಬರೀ ಕಾಲರ್ ಕಾಣುತ್ತೆ ಅಪ್ಪಾ."

"ಕಾಲರ್ ಕಂಡ್ರೆ ಸಾಕು," ಎಂದ ಅಪ್ಪ, ಹಲ್ಲು ಕಚ್ಚಿಕೊಂಡು.

ಅಪ್ಪನ ಅಂಗಡಿಯಲ್ಲಿ ಕನ್ನಡಿ ಹಿಡಿಯುವುದಕ್ಕೂ ಒಂದು ಲೆಕ್ಕಾಚಾರವಿತ್ತು. ತಲೆತುಂಬ ಕೂದಲಿದ್ದವರಿಗೆ ನೆಟ್ಟಗೆ. ನೆತ್ತಿ ತೆಳ್ಳಗಾದವರಿಗೆ ಸ್ವಲ್ಪ ಓರೆ. ನೆತ್ತಿಯೇ ಖಾಲಿಯಾದವರಿಗೆ ಕಾಲರ್. ಊರಿನ ಗಂಡಸರೆಲ್ಲ ಎಷ್ಟೋ ವರ್ಷಗಳಿಂದ ತಮ್ಮ ತಮ್ಮ ಕಾಲರ್ ನೋಡಿ, "ಚೆನ್ನಾಗಿ ಬಂದಿದೆ" ಎಂದು ತಲೆಯಾಡಿಸಿ, ಖುಷಿಯಾಗಿ ಎದ್ದು ಹೋಗುತ್ತಿದ್ದರು. ಅಪ್ಪನ ಜೊತೆ ಕೆಲಸ ಮಾಡುವವನು ಜ್ವರ ಬಂದು ಮಲಗಿದ್ದರಿಂದ ಈ ಭಾನುವಾರ ಕನ್ನಡಿ ಪೀಪಿಯ ಕೈಗೆ ಬಂದಿತ್ತು. ಲೆಕ್ಕಾಚಾರ ಹೇಳಿಕೊಡುವುದನ್ನು ಅಪ್ಪ ಮರೆತುಬಿಟ್ಟಿದ್ದ.

ಮರೆಯಬಾರದಿತ್ತು. ಪೀಪಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮನಸ್ಸಿಗೆ ಬಂದದ್ದು ಅವಳ ಬಾಯಿಗೆ ಬರಲು ನಡುವೆ ಒಂದು ಸ್ಟಾಪೂ ಇರಲಿಲ್ಲ. "ನಾನು ಇದ್ದಿದ್ದನ್ನ ಇದ್ದ ಹಾಗೆ ಹೇಳೋಳು," ಎಂದು ಅವಳಿಗೆ ಜಂಬ ಬೇರೆ.

"ಸ್ವಲ್ಪ ಮೇಲೆ ತೋರ್ಸಮ್ಮ, ನೋಡೋಣ," ಎಂದರು ಮೇಷ್ಟ್ರು.

ಅವರೇ ಕೇಳಿದ ಮೇಲೆ ಇನ್ನೇನು? ಪೀಪಿ ಕನ್ನಡಿಯನ್ನು ನೆಟ್ಟಗೆ ಹಿಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡ.

ಮೇಷ್ಟ್ರು ಮುಂದೆ ಬಗ್ಗಿ ನೋಡಿದರು. "ಏನದು, ಹೊಳೀತಿರೋದು?"

"ನಿಮ್ಮ ತಲೆ ಸರ್. ಎಡಗಡೆ ಕೂದಲು ಬಲಗಡೆಗೆ ಬಂದು ಮುಚ್ಚೋಕೆ ನೋಡ್ತಿದೆ. ಪಾಪ, ಸಾಲ್ತಿಲ್ಲ."

ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದವರಲ್ಲಿ ಒಬ್ಬರ ಕೈಯಲ್ಲಿದ್ದ ಪೇಪರ್ ಗಡಗಡ ಕುಣಿಯತೊಡಗಿತು. ಗ್ಯಾರೇಜಿನ ಮೆಕ್ಯಾನಿಕ್ ತಡೆದುಕೊಳ್ಳಲಾಗದೆ ಹೇಳಿಯೇಬಿಟ್ಟ: "ಗ್ರೌಂಡ್ ಚೆನ್ನಾಗಿ ಲೆವೆಲ್ ಆಗಿದೆ ಮೇಷ್ಟ್ರೇ. ಈ ವರ್ಷ ರಿಲೇ ಅಲ್ಲೇ ಇಟ್ಕೊಳ್ಳಿ."

ಇಡೀ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಮೈಮೇಲಿನ ಬಟ್ಟೆಯನ್ನು ತಾವೇ ಬಿಚ್ಚಿ, ಕುರ್ಚಿಯ ಮೇಲಿಟ್ಟು ಹೊರಟುಹೋದರು.

"ನಿನ್ನ ಕೈಗೆ ಕೊಟ್ಟಿದ್ದು ಕನ್ನಡಿ. ಮೈಕ್ ಅಲ್ಲ," ಎಂದ ಅಪ್ಪ.

"ಮತ್ತೆ ಸುಳ್ಳು ಹೇಳ್ಬೇಕಿತ್ತಾ?"

ಅಪ್ಪ ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಕಚಕಚ ಎನಿಸಿ, "ಮುಂದಿನವರು ಬನ್ನಿ," ಎಂದ.

ಸೋಮವಾರ ಮೇಷ್ಟ್ರು ಶಾಲೆಗೆ ಟೋಪಿ ಹಾಕಿಕೊಂಡು ಬಂದರು. ಹಳದಿ ಟೋಪಿ. ರಿಲೇ ಟೀಮ್ ಆರಿಸುವುದು ಅವತ್ತೇ, ಆರಿಸುವವರು ಅವರೇ. ಹೋದ ವರ್ಷ ಟೀಮಿನ ನಾಲ್ವರಲ್ಲಿ ಲಾಸ್ಟ್ ಓಡಿದ್ದು ಪೀಪಿ. ಗೆಲುವಿನ ಟೇಪಿನ ಹತ್ತಿರ ಬಂದು ಸೋತಿದ್ದಳು. ಶೂ ಜಾರಿತ್ತು. ಆಮೇಲೆ ವರ್ಷವಿಡೀ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ್ದಳು. ಈ ಸಲ ಗೆದ್ದು ತೋರಿಸಬೇಕೆಂದು ಬೆಳಿಗ್ಗೆ ಬೆಳಿಗ್ಗೆ ಎದ್ದು ಓಡಿ ಪ್ರಾಕ್ಟೀಸ್ ಮಾಡಿದ್ದಳು.

"ನಿನ್ನ ಕತೆ ಮುಗೀತು ಕಣೇ," ಎಂದಳು ಗೆಳತಿ ಲಂಬು. ಕ್ಲಾಸಿನಲ್ಲೇ ಎತ್ತರದವಳು ಅವಳು. "ಹೋಗಿ ಸಾರಿ ಕೇಳು. ಸರ್, ನಿಮ್ಮ ಕೂದಲು ತುಂಬಾ ದಟ್ಟವಾಗಿದೆ ಅನ್ನು."

"ಟೋಪಿ ಹಾಕಿದಾರಲ್ಲೇ."

"ಹಾಗಾದ್ರೆ ಟೋಪಿ ಚೆನ್ನಾಗಿದೆ ಅನ್ನು."

ಅಷ್ಟರಲ್ಲಿ ಮೇಷ್ಟ್ರೇ ಕರೆದರು. "ಪೀಪಿ, ಆಟದ ಸಾಮಾನಿನ ರೂಮಿಗೆ ಬಾ. ಲಂಬು, ನೀನಲ್ಲ. ನೀನು ಗ್ರೌಂಡಿಗೆ ಒಂದು ರೌಂಡ್ ಹೊಡಿ."

ರೂಮಿನಲ್ಲಿ ಗಾಳಿ ಹೋದ ಫುಟ್‌ಬಾಲ್‌ಗಳು, ಸುತ್ತಿಟ್ಟ ಚಾಪೆಗಳು. ಬಾಲ್ ಒಯ್ಯಲು ಬಂದಿದ್ದ ದೊಡ್ಡ ಹುಡುಗರು ಹೋಗುವವರೆಗೆ ಮೇಷ್ಟ್ರು ಸುಮ್ಮನೆ ನಿಂತರು. ಆಮೇಲೆ ಬಾಗಿಲು ಹಾಕಿದರು.

"ಸರ್, ಟೋಪಿ ಚೆನ್ನಾಗಿದೆ," ಎಂದಳು ಪೀಪಿ.

"ಸುಳ್ಳು ನಿನಗೆ ಒಗ್ಗಲ್ಲ. ಈ ಟೋಪಿ ತಂದ ನನ್ನ ಹೆಂಡ್ತಿಗೇ ಇದು ಇಷ್ಟ ಇಲ್ಲ."

"ಹೌದು ಸರ್. ಚೆನ್ನಾಗಿಲ್ಲ."

ಮೇಷ್ಟ್ರ ಮೀಸೆ ಒಂದು ಸಲ ಅಲ್ಲಾಡಿತು. "ಎಷ್ಟು ದೊಡ್ಡದಿದೆ, ಟೋಪಿ ಕೆಳಗಿರೋದು?"

ಪೀಪಿ ಎರಡೂ ಕೈಯ ಬೆರಳು ಸೇರಿಸಿ ತೋರಿಸಿದಳು. "ಡಬ್ಬಿ ಮುಚ್ಚಳದಷ್ಟು. ಸಣ್ಣ ಡಬ್ಬಿ ಅಲ್ಲ ಸರ್."

"ಇಷ್ಟು ವರ್ಷ ನಿಮ್ಮಪ್ಪ ನನಗೆ ಕಾಲರ್ ತೋರಿಸ್ತಿದ್ದ, ಅಲ್ವಾ?" ಮೇಷ್ಟ್ರು ಚಾಪೆಗಳ ಮೇಲೆ ಕೂತರು. "ಸರಿ. ಈಗ ನಾನೊಂದು ಹೇಳ್ಲಾ? ಇದ್ದಿದ್ದು ಇದ್ದ ಹಾಗೆ?"

"ಹೇಳಿ ಸರ್." ಅದಕ್ಕೆಲ್ಲ ಪೀಪಿ ಹೆದರುವವಳೇ?

"ಹೋದ ವರ್ಷ ನಿನ್ನ ಶೂ ಜಾರಿರ್ಲಿಲ್ಲ. ನೀನು ತಿರುಗಿ ತಿರುಗಿ ನೋಡ್ತಾ ಓಡಿದೆ. ಟೇಪ್ ಮುಂದೆ ಇದ್ದಾಗ್ಲೂ ಹಿಂದೆ ಯಾರಿದಾರೆ ಅಂತ ನೋಡ್ದೆ. ಅಷ್ಟೊತ್ತಿಗೆ ಆ ಹುಡುಗಿ ದಾಟಿ ಹೋದ್ಳು. ಅದಕ್ಕೇ ಸೋತ್ವಿ."

ಪೀಪಿಯ ಕಿವಿ ಕಾದವು. "ನಾನು ನೋಡ್ಲಿಲ್ಲ ಸರ್."

"ನಿನಗೆ ಹೇಗೆ ಗೊತ್ತಾಗುತ್ತೆ? ನನ್ನ ನೆತ್ತಿ ನನಗೆ ಕಾಣ್ತಿತ್ತಾ? ಪಾಪ, ಅಳ್ತಾಳೆ ಅಂತ ನಾನೂ ಸುಮ್ನಿದ್ದೆ. ನಾನೂ ನಿನಗೆ ಕಾಲರ್ ತೋರಿಸ್ದೆ. ತಪ್ಪು ಮಾಡ್ದೆ."

"ಹಾಗಾದ್ರೆ ನಾನು ಟೀಮಲ್ಲಿ ಇಲ್ವಾ?"

"ಇದೀಯ. ಆದ್ರೆ ಫಸ್ಟ್ ಓಡೋದು ನೀನು. ಲಾಸ್ಟ್ ಲಂಬು."

ಪೀಪಿಯ ಕಣ್ಣು ತುಂಬಿ ಬಂದವು. ಯಾರಾದರೂ ಕೇಳಿಸಿಕೊಂಡರೋ ಏನೋ ಎಂದು ತಟ್ಟನೆ ಬಾಗಿಲ ಕಡೆ ತಿರುಗಿದಳು. ಬಾಗಿಲು ಹಾಕಿತ್ತು. ಕಿಟಕಿಯನ್ನೂ ಮೇಷ್ಟ್ರು ಮೊದಲೇ ಮುಚ್ಚಿದ್ದರು. ಹೊರಗೆ ಮಕ್ಕಳ ಗಲಾಟೆ ದೂರದಲ್ಲೆಲ್ಲೋ ಕೇಳುತ್ತಿತ್ತು.

ಆ ಮುಚ್ಚಿದ ಬಾಗಿಲನ್ನು ಅವಳು ಇನ್ನೊಮ್ಮೆ ನೋಡಿದಳು.

"ಸರ್... ನಿನ್ನೆ ಬೆಂಚಲ್ಲಿ ತುಂಬಾ ಜನ ಇದ್ರು."

"ಇದ್ರು," ಎಂದರು ಮೇಷ್ಟ್ರು. ಆಮೇಲೆ ಅವಳ ಮುಖ ನೋಡಿ, "ಬಿಡು. ನಕ್ಕವರಲ್ಲಿ ಅರ್ಧ ಜನ ಕಾಲರ್ ಗಿರಾಕಿಗಳೇ," ಎಂದರು.

ಗ್ರೌಂಡಿಗೆ ಬಂದು ಮೇಷ್ಟ್ರು ಎಲ್ಲರ ಮುಂದೆ ಹೇಳಿದ್ದು ಇಷ್ಟೇ: "ಫಸ್ಟ್ ಪೀಪಿ, ಲಾಸ್ಟ್ ಲಂಬು. ಲೈನಿಗೆ ಬನ್ನಿ." ಯಾಕೆ, ಏನು, ಒಂದನ್ನೂ ಹೇಳಲಿಲ್ಲ.

ಹುಡುಗಿಯರು ಪೀಪಿಯನ್ನು ಮುತ್ತಿಕೊಂಡರು. "ಟೋಪಿ ಕೆಳಗೆ ಏನಿದೆ ಹೇಳೇ. ನೀನು ನೋಡಿದೀಯಂತಲ್ಲ. ತುಂಬಾ ದೊಡ್ಡದಾ?"

ಡಬ್ಬಿ ಮುಚ್ಚಳ ನಾಲಿಗೆಯ ತುದಿಗೇ ಬಂದು ನಿಂತಿತು. ಪೀಪಿ ಅದನ್ನು ನುಂಗಿಕೊಂಡಳು. ಲಂಬುವಿನ ಕೈ ಹಿಡಿದು ಗುಂಪಿನಿಂದ ಆಚೆ ಎಳೆದುಕೊಂಡು ಹೋದಳು.

"ಲಾಸ್ಟ್ ನಂಗ್ಯಾಕೆ ಕೊಟ್ರು?" ಎಂದಳು ಲಂಬು.

"ಹೋದ ವರ್ಷ ನನ್ನ ಶೂ ಜಾರಿರ್ಲಿಲ್ಲ ಕಣೇ. ನಾನು ಹಿಂದೆ ನೋಡಿದೆ."

ಲಂಬು ಬಗ್ಗಿ ತನ್ನ ಲೇಸು ಬಿಚ್ಚಿ, ಮತ್ತೆ ಗಟ್ಟಿಯಾಗಿ ಕಟ್ಟಿಕೊಂಡಳು.

"ಗೊತ್ತಿತ್ತು," ಎಂದಳು. "ನಾನು ಟೇಪ್ ಹತ್ರಾನೇ ನಿಂತಿದ್ದೆ."

ವರ್ಷವಿಡೀ ಅವಳು ಯಾರಿಗೂ ಅದನ್ನು ಹೇಳಿರಲಿಲ್ಲ. ಇಬ್ಬರೂ ಹೋಗಿ ಲೈನಿನಲ್ಲಿ ನಿಂತರು.